ರಾಂಚೊ ಜಮೀನಿನ ಕಡತ: ಪೇಟೆಂಟಿನಿಂದ ಹಿಂದಕ್ಕೆ

ಕ್ಯಾಲಿಫೋರ್ನಿಯಾದ ಸನಿವೇಲ್, ಮೌಂಟನ್ ವ್ಯೂ ಕಡೆ ಈಗ ಕನ್ನಡದ ಮನೆಗಳು ಬೇಕಾದಷ್ಟಿವೆ. ಆ ನೆಲದ ದೊಡ್ಡ ಪಾಲು ಒಂದು ಕಾಲಕ್ಕೆ ಪಾಸ್ತೊರಿಯಾ ದೆ ಲಾಸ್ ಬೊರೇಗಾಸ್ (ಕುರಿ ಮೇಯುವ ಬಯಲು) ಎಂಬ ರಾಂಚೊ, ಅಂದರೆ ಸರ್ಕಾರ ಮಂಜೂರು ಮಾಡಿದ ದೊಡ್ಡ ಜಮೀನು. ಮೆಕ್ಸಿಕೊ ಆಳ್ವಿಕೆಯ ಗವರ್ನರ್ ಅಲ್ವರಾಡೊ 1842ರಲ್ಲಿ ಇದನ್ನು ಫ್ರಾನ್ಸಿಸ್ಕೊ ಎಸ್ತ್ರಾದಾಗೆ ಕೊಟ್ಟ. ಆದರೆ ಇಂಥ ಜಮೀನಿನ ಮೂಲ ಹುಡುಕುವಾಗ ನಾನು 1842ರಿಂದ ಶುರುಮಾಡುವುದಿಲ್ಲ. ಕೊನೆಯ ಕಾಗದ ಹಿಡಿದು ಹಿಂದಕ್ಕೆ ಹೋಗುತ್ತೇನೆ.

ಆ ಕೊನೆಯ ಕಾಗದವೇ ಕ್ಯಾಲಿಫೋರ್ನಿಯಾ ಮೆಕ್ಸಿಕೊದಿಂದ ಅಮೆರಿಕದ ಕೈಸೇರಿದ ಮೇಲೆ ಅಮೆರಿಕ ಸರ್ಕಾರ ಕೊಟ್ಟ ಪೇಟೆಂಟ್, ನಮ್ಮ ಮಾತಿನಲ್ಲಿ ಹಕ್ಕುಪತ್ರ. ಫೆಡರಲ್ ಭೂ ನಿರ್ವಹಣಾ ಇಲಾಖೆಯ ಜಾಲತಾಣದಲ್ಲಿ ಹೆಸರು ಕೊಟ್ಟರೆ ಸಿಗುತ್ತದೆ. ಯಾರ ಹೆಸರು ಅನ್ನುವುದೇ ತೊಡಕು. ಬೊರೇಗಾಸ್‌ಗೆ ಎಸ್ತ್ರಾದಾ ಹೆಸರಿನ ಪೇಟೆಂಟೇ ಇಲ್ಲ. ನಡುವೆ ಜಮೀನು ಮರಿಯಾನೊ ಕಾಸ್ತ್ರೊನ ಕೈಸೇರಿ, ಅದರಲ್ಲೊಂದು ಪಾಲನ್ನು ಮಾರ್ಟಿನ್ ಮರ್ಫಿ ಕೊಂಡಿದ್ದ. ಹಾಗಾಗಿ ಪೇಟೆಂಟ್ ಎರಡು: 1865ರಲ್ಲಿ ಮರ್ಫಿಗೆ ಸುಮಾರು 4,894 ಎಕರೆ, 1881ರಲ್ಲಿ ಕಾಸ್ತ್ರೊ ಕಡೆಗೆ ಸುಮಾರು 4,172 ಎಕರೆ. ಒಂದನ್ನು ನೋಡಿ ಕೆಲಸ ಮುಗಿಯಿತೆಂದುಕೊಂಡರೆ ಅರ್ಧ ರಾಂಚೊ ಕೈಬಿಟ್ಟಂತೆ.

ಪೇಟೆಂಟಿನ ಹಿಂದಿರುವುದು ದಾವೆ. 1851ರ ಮಾರ್ಚ್ 3ರ ಕಾಯ್ದೆ ಪ್ರಕಾರ ಮಾಲೀಕರೇ ಭೂಹಕ್ಕು ವಿಚಾರಿಸುವ ಕಮಿಷನ್ ಮುಂದೆ ಹೋಗಿ ಹಕ್ಕು ಸಾಬೀತುಮಾಡಬೇಕಿತ್ತು. ಎರಡು ವರ್ಷದೊಳಗೆ ಅರ್ಜಿ ಹಾಕದವರ ಭೂಮಿ ಸರ್ಕಾರದ್ದು. ಬಂದ ಅರ್ಜಿಗಳು 813. ಅಲ್ಲಿಂದ ಜಿಲ್ಲಾ ನ್ಯಾಯಾಲಯ, ಕೆಲವು ಸುಪ್ರೀಂ ಕೋರ್ಟ್ ತನಕ. ಇಲ್ಲಿ ಹೊಸಬರು ಎಡವುವುದು ನಂಬರಿನಲ್ಲಿ. ಕಮಿಷನ್ ನಂಬರ್ ಬೇರೆ, ನ್ಯಾಯಾಲಯದ ನಂಬರ್ ಬೇರೆ; ಅದರಲ್ಲೂ ಉತ್ತರ ಮತ್ತು ದಕ್ಷಿಣ ಜಿಲ್ಲೆಗಳ ಎಣಿಕೆ ಪ್ರತ್ಯೇಕ. ಬರ್ಕಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿ ಕಡತ ತೆಗೆಯಲು ಬೇಕಾದದ್ದು ನ್ಯಾಯಾಲಯದ ನಂಬರ್. ನ್ಯಾಯಾಧೀಶ ಹಾಫ್‌ಮನ್ 1862ರಲ್ಲಿ ಹೊರತಂದ ತೀರ್ಪಿನ ಸಂಪುಟದ ಅನುಬಂಧದಲ್ಲಿ ಎಲ್ಲ ಅರ್ಜಿಗಳ ಪಟ್ಟಿಯಿದೆ. ಅದನ್ನು ಪಕ್ಕದಲ್ಲಿಟ್ಟುಕೊಳ್ಳದೆ ನಾನು ಕಡತಕ್ಕೆ ಕೈಹಾಕುವುದಿಲ್ಲ.

ಕಡತದ ಒಳಗೆ ಮೆಕ್ಸಿಕೊ ಕಾಲದ ಮೂಲ ಸಿಗುತ್ತದೆ. ಅದಕ್ಕೆ ಎಕ್ಸ್‌ಪೆದಿಯೆಂತೆ ಎನ್ನುತ್ತಾರೆ. ಅರ್ಜಿ, ಅರ್ಜಿಯ ಅಂಚಿನಲ್ಲೇ ಗವರ್ನರನ ಟಿಪ್ಪಣಿ, ಸ್ಥಳೀಯ ಅಧಿಕಾರಿಯ ವರದಿ, ಮಂಜೂರಾತಿ, ಕೈಯಿಂದ ಬರೆದ ನಕ್ಷೆ ದಿಸೇನ್ಯೊ, ಪ್ರಾಂತೀಯ ಸಭೆಯ ಒಪ್ಪಿಗೆ. ಎಲ್ಲವೂ ಇರುವ ಕಡತ ಅಪರೂಪ. ಸಭೆಯ ಒಪ್ಪಿಗೆ ಎಷ್ಟೋ ಸಲ ಇರುವುದೇ ಇಲ್ಲ. ಅಷ್ಟಕ್ಕೇ ಹಕ್ಕು ಬಿದ್ದುಹೋಯಿತೆಂದು ಬರೆದುಕೊಳ್ಳಬೇಡಿ. ಅದಿಲ್ಲದೆಯೂ ಒಪ್ಪಿತವಾದ ಹಕ್ಕುಗಳಿವೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಬೆಂಕಿಯಲ್ಲಿ ಹಳೆಯ ಸ್ಪ್ಯಾನಿಷ್ ದಫ್ತರದ ಬಹುಭಾಗ ಸುಟ್ಟಿದ್ದರಿಂದ ದಾವೆಗೆ ಲಗತ್ತಿಸಿದ ನಕಲು ಪ್ರತಿಗೂ ಮೂಲದಷ್ಟೇ ಬೆಲೆ.

ದಿಸೇನ್ಯೊ ನೋಡಲು ಚಂದ, ನಂಬಲು ಕಷ್ಟ. ಉತ್ತರ ದಿಕ್ಕು ಮೇಲೆಯೇ ಇರಬೇಕೆಂದಿಲ್ಲ. ನಾನು ಮೊದಲು ಹೊಳೆ ಮತ್ತು ಬೆಟ್ಟ ಗುರುತಿಸಿ, ಹಾಳೆಯನ್ನು ತಿರುಗಿಸಿ, ಆಮೇಲೆ ಹೆಸರು ಓದುತ್ತೇನೆ. ಗಡಿಗೆ ದಿಸೇನ್ಯೊಗಿಂತ ಗಟ್ಟಿ ಆಧಾರ ಸ್ವಾಧೀನ ಕೊಟ್ಟ ದಿನದ ಬರಹ. ಅದು ಹೆಚ್ಚುಕಡಿಮೆ ನಮ್ಮ ಮಹಜರೇ: ಅಕ್ಕಪಕ್ಕದವರನ್ನು ಕರೆಸಿ, ಇಬ್ಬರು ಸವಾರರು 50 ವಾರಾ (ಸುಮಾರು 33 ಇಂಚಿನ ಸ್ಪ್ಯಾನಿಷ್ ಗಜ) ಉದ್ದದ ಹಗ್ಗ ಎಳೆದು ಚಕ್ಕುಬಂದಿ ಬರೆಸಿದ್ದು. ಹಸಿತೊಗಲಿನ ಹಗ್ಗ ನೆನೆದರೆ ಹಿಗ್ಗುತ್ತದೆ. ಕುದುರೆ ಮೇಲಿನ ಅಳತೆ ಎಷ್ಟು ಕರಾರುವಾಕ್ಕೋ ನೀವೇ ಊಹಿಸಿ. ಅದಕ್ಕೇ ಪತ್ರದಲ್ಲಿ 'ಪೊಕೊ ಮಾಸ್ ಒ ಮೇನೊಸ್', ಸುಮಾರಾಗಿ, ಎಂಬ ಮಾತು ಮತ್ತೆ ಮತ್ತೆ ಬರುತ್ತದೆ.

ಎಕರೆಗೆ ತಿರುಗಿಸುವಾಗ ಒಂದು ವಾರಾ ಎಷ್ಟೆಂದು ಹಿಡಿದಿರೆಂದು ಬರೆದಿಡಿ. ಒಂದು ಲೀಗ್ ಅಂದರೆ 5,000 ವಾರಾ. 33 ಇಂಚು ಹಿಡಿದರೆ ಚದರ ಲೀಗ್ ಸುಮಾರು 4,340 ಎಕರೆ, 33⅓ ಹಿಡಿದರೆ 4,428. ಕಾನೂನಿನ ಮಿತಿಯಾದ 11 ಚದರ ಲೀಗ್ ತಲುಪುವ ಹೊತ್ತಿಗೆ ವ್ಯತ್ಯಾಸ ಸಾವಿರ ಎಕರೆ ಹತ್ತಿರ ಬರುತ್ತದೆ.

ಓದುವಾಗ ಕೈಕೊಡುವುದು ತಾರೀಖು. '7ಬ್ರೆ' ಜುಲೈ ಅಲ್ಲ, ಸೆಪ್ಟೆಂಬರ್; '8ಬ್ರೆ' ಅಕ್ಟೋಬರ್; 'ಎಕ್ಸ್‌ಬ್ರೆ' ಡಿಸೆಂಬರ್. ಹೆಸರಿನಲ್ಲಿ ಬಿ ಮತ್ತು ವಿ ಅದಲುಬದಲು: ವಾಕಾ ಸಿಗದಿದ್ದರೆ ಬಾಕಾ ನೋಡಿ. ಹೆಂಗಸರು ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಿದ್ದರು, ಸ್ವಂತಕ್ಕೆ ಆಸ್ತಿಯನ್ನೂ ಮಾಡುತ್ತಿದ್ದರು. 1844ರಲ್ಲಿ ಪುರೀಸಿಮಾ ಕೊನ್ಸೆಪ್ಸಿಯೊನ್ ರಾಂಚೊ ಕೊಂಡ ಹುವಾನಾ ಬ್ರಿಯೊನೆಸ್ ಅವರನ್ನು ಗಂಡನ ಮನೆತನವಾದ ಮಿರಾಂಡಾದಲ್ಲಷ್ಟೇ ಹುಡುಕಿದರೆ ಕಡತ ತಪ್ಪಿಹೋಗಬಹುದು.

ಮುದ್ರೆ, ಸಹಿಗಳೂ ನೋಡಬೇಕಾದ ವಿಷಯ. ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಭಾಗ ತನ್ನದೆಂದ ಲಿಮಾಂತೂರ್ ಎಂಬಾತನ ಹಕ್ಕನ್ನು ಕಮಿಷನ್ 1856ರಲ್ಲಿ ಒಪ್ಪಿತ್ತು. ಮುದ್ರೆ ಖೊಟ್ಟಿ ಎಂದು ಕಂಡು ನ್ಯಾಯಾಲಯ 1858ರಲ್ಲಿ ತಳ್ಳಿಹಾಕಿತು. ಕಮಿಷನ್ ಆದೇಶದಲ್ಲೇ ಓದು ನಿಲ್ಲಿಸಿದರೆ ಈ ತಿರುವು ಕಾಣುವುದೇ ಇಲ್ಲ.

1850ರಿಂದೀಚಿನ ಕ್ರಯಪತ್ರ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿರುತ್ತದೆ. ಮಾರಿದವರ ಸೂಚಿ, ಕೊಂಡವರ ಸೂಚಿ ಎರಡನ್ನೂ ತೆಗೆಸಿ. ಸರಪಳಿಯ ಕೊಂಡಿ ಕಾಣದಿದ್ದರೆ ವಾರಸುದಾರರ ಪಾಲುದಾವೆ ಇರಬಹುದು. ಅದು ಕ್ರಯಪತ್ರದ ಪುಸ್ತಕಕ್ಕೆ ಬರದೆ ನ್ಯಾಯಾಲಯದ ಡಿಕ್ರಿಯಲ್ಲೇ ಉಳಿದಿರುತ್ತದೆ. ಗಡಿ ಇನ್ನೂ ಬಗೆಹರಿಯದಿದ್ದರೆ ಪಕ್ಕದ ರಾಂಚೊದ ಕಡತ ತೆಗೆಯಿರಿ. ಇಲ್ಲಿ 'ನೆರೆಯವನ ಜಮೀನಿನವರೆಗೆ' ಎಂದಷ್ಟೇ ಇರುವ ಸಾಲು ಅಲ್ಲಿ ಹಳ್ಳದ ಹೆಸರು ಹಿಡಿದು ಬರೆದಿರಬಹುದು.