ಹೀಲಿಯಂನೊಳಗಿನ ಕಲ್ಮಶದ ಶಿಖರ ಕೊನೆಗೂ ಕಂಡದ್ದು ಹೇಗೆ

ಪ್ಲಾಸ್ಮಾದ (ವಿದ್ಯುತ್ತಿನಿಂದ ಅಯಾನೀಕರಣಗೊಂಡ ಅನಿಲದ) ಎಲೆಕ್ಟ್ರಾನುಗಳ ಶಕ್ತಿ ಅಳೆದು ಅನಿಲದಲ್ಲಿನ ಕಲ್ಮಶ ಗುರುತಿಸುವ ವಿಧಾನವೇ ಪ್ಲಾಸ್ಮಾ ಎಲೆಕ್ಟ್ರಾನ್ ಸ್ಪೆಕ್ಟ್ರೋಸ್ಕೋಪಿ. ಅದರ ತತ್ವ ಸರಳ. ಹೀಲಿಯಂನ ಮೆಟಾಸ್ಟೇಬಲ್ ಪರಮಾಣುವಿನಲ್ಲಿ, ಅಂದರೆ ಪಡೆದ ಶಕ್ತಿಯನ್ನು ಬೇಗ ಬಿಡದೆ ಹಿಡಿದಿಟ್ಟುಕೊಂಡ ಪರಮಾಣುವಿನಲ್ಲಿ, 19.8 ಇವಿ (ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಇರುತ್ತದೆ. ಅದು ಕಲ್ಮಶದ ಅಣುವಿಗೆ ಬಡಿದರೆ ಎಲೆಕ್ಟ್ರಾನ್ ಹೊರಬೀಳುತ್ತದೆ, 19.8ರಿಂದ ಆ ಅಣುವಿನ ಅಯಾನೀಕರಣ ಶಕ್ತಿ (ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದದ್ದು) ಕಳೆದರೆ ಉಳಿಯುವುದೇ ಆ ಎಲೆಕ್ಟ್ರಾನಿನ ಶಕ್ತಿ. ಆರ್ಗಾನ್‌ಗೆ ಸುಮಾರು 4.06, ಇಂಗಾಲದ ಡೈಆಕ್ಸೈಡ್‌ಗೆ 6.04. ಕಾಗದದ ಮೇಲೆ ಎಷ್ಟು ಚೆಂದ!

ಆ ಶಕ್ತಿಗಳಲ್ಲಿ ಗ್ರಾಫ್ ಶಿಖರದಂತೆ ಏರಬೇಕು. ನನ್ನ ಪರದೆಯ ಮೇಲೆ ಮಾತ್ರ ಶಿಖರವೇ ಇಲ್ಲ, ಬರೀ ಇಳಿಜಾರು.

ಮೊದಲು ಅಳತೆಯ ಹೊತ್ತು ಬದಲಿಸಿದೆ. ಡಿಸ್ಚಾರ್ಜ್, ಅಂದರೆ ಅನಿಲದೊಳಗಿನ ವಿದ್ಯುತ್ ಹರಿವು, ಉರಿಯುವಾಗ ವಿದ್ಯುತ್ ಕ್ಷೇತ್ರದಿಂದ ಬಿಸಿಯಾದ ಎಲೆಕ್ಟ್ರಾನುಗಳ ಗದ್ದಲವೇ ಜಾಸ್ತಿ. ವಿದ್ಯುತ್ ಪಲ್ಸ್ ನಿಲ್ಲಿಸಿದೊಡನೆ ಅವು ಬೇಗ ತಣ್ಣಗಾಗುತ್ತವೆ, ಮೆಟಾಸ್ಟೇಬಲ್‌ಗಳು ಇನ್ನೂ ಉಳಿದಿರುತ್ತವೆ. ಹಾಗಾಗಿ ಆ ನಂತರದ ಹೊಳಪಿನಲ್ಲೇ ಪ್ರೋಬ್ (ಪ್ಲಾಸ್ಮಾದೊಳಗೆ ಇಳಿಸಿದ ಅಳತೆಯ ತಂತಿ) ಓದಿದೆ. ಉಬ್ಬು ಕಂಡಿತು, ಆದರೆ ಹರಡಿಕೊಂಡಿತ್ತು.

ಅಸಲಿ ಕಿರಿಕಿರಿ ಪ್ರೋಬಿನ ಮೇಲ್ಮೈಯದು. ಕೊಳೆ ಕುಳಿತ ತಂತಿ ವೋಲ್ಟೇಜನ್ನು ಅತ್ತಿತ್ತ ಜಾರಿಸುತ್ತದೆ. ಧನ ವೋಲ್ಟೇಜ್ ಕೊಟ್ಟು, ಎಲೆಕ್ಟ್ರಾನ್ ಪ್ರವಾಹದಿಂದಲೇ ಟಂಗ್‌ಸ್ಟನ್ ತಂತಿಯನ್ನು ಕೆಂಪಗೆ ಕಾಯಿಸಿದೆ. ಪ್ರತಿ ಓದಿಗೂ ಮುಂಚೆ. ಎಲೆಕ್ಟ್ರಾನುಗಳ ಶಕ್ತಿ ಹಂಚಿಕೆ ತಿಳಿಯುವುದು ಪ್ರೋಬ್ ಪ್ರವಾಹದ ಎರಡನೇ ಅವಕಲನದಿಂದ; ಅದಕ್ಕೆ ಬಳಸುವ ಎಸಿ ಸಿಗ್ನಲ್ಲನ್ನೂ ತಗ್ಗಿಸಿದೆ. ಅದು ದೊಡ್ಡದಾದಷ್ಟೂ ಶಿಖರ ಅಗಲವಾಗುತ್ತದೆ. ಸಿಗ್ನಲ್ ಸೊರಗಿತು, ಸರಾಸರಿ ಹೆಚ್ಚಿಸಿ ಸರಿದೂಗಿಸಿದೆ. ಬೇಕೆಂದೇ ಚೂರು ಆರ್ಗಾನ್ ಬಿಟ್ಟು ಅದರ ಶಿಖರಕ್ಕೆ ಶಕ್ತಿಯ ಅಕ್ಷ ಹೊಂದಿಸಿದೆ.

ಆರ್ಗಾನ್ ನಿಲ್ಲಿಸಿದ ಮೇಲೂ 4.2ರ ಹತ್ತಿರ ಏನೋ ಉಳಿಯಿತು. ಸಾರಜನಕವೋ, ಆರ್ಗಾನಿನ ಶೇಷವೋ? ಇಷ್ಟು ಕಡಿಮೆ ಅಂತರವನ್ನು ನನ್ನ ಸಾಧನ ಬಿಡಿಸಿ ತೋರಿಸದು. ಆದರೆ 7.7ರ ಬಳಿ ಆಮ್ಲಜನಕದ ಪುಟ್ಟ ಉಬ್ಬೂ ಇತ್ತು, ಅಂದರೆ ಗಾಳಿ ಸೋರುತ್ತಿದೆ. ಫ್ಲ್ಯಾಂಜಿನ ರಬ್ಬರ್ ಸೀಲ್ ಬದಲಿಸಿದೆ, 4.2ರದ್ದೂ 7.7ರದ್ದೂ ಒಟ್ಟಿಗೇ ಕುಗ್ಗಿದವು. ಅಂದರೆ 4.2ರದ್ದು ಬಹುಶಃ ಗಾಳಿಯ ಸಾರಜನಕವೇ.