ಹೃದಯದ ಆಪರೇಷನ್ ಆದ ಕೂಸು ಮನೆಗೆ ಬಂದ ಮೇಲೆ

ಹೃದಯದ ಸ್ನಾಯುವಿಗೆ ರಕ್ತ ಕೊಡುವ ಎಡ ಕೊರೊನರಿ ನಾಳ, ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯಿಂದ ಹೊರಡಬೇಕು. ಸುಮಾರು 3 ಲಕ್ಷ ಶಿಶುಗಳಲ್ಲಿ ಒಂದಕ್ಕೆ ಅದು ಶ್ವಾಸಕೋಶಕ್ಕೆ ಹೋಗುವ ನಾಳದಿಂದ ಹೊರಟಿರುತ್ತದೆ. ವೈದ್ಯರು ಇದಕ್ಕೆ ‘ಅಲ್ಕಾಪಾ’ ಎನ್ನುತ್ತಾರೆ. ಹುಟ್ಟಿ ಕೆಲವು ವಾರವಾಗುವಷ್ಟರಲ್ಲಿ ಸ್ನಾಯುವಿಗೆ ರಕ್ತ ಸಾಲದೆ ಹೃದಯ ಸೊರಗುತ್ತದೆ. ಕೂಸು ಹಾಲು ಕುಡಿಯುತ್ತಲೇ ಬೆವರುತ್ತದೆ, ಬಿಳಿಚಿಕೊಂಡು ಚೀರುತ್ತದೆ. ಹೊಟ್ಟೆನೋವೆಂದು ಬಜೆ ತೇಯ್ದು ಹಾಕುತ್ತಾ ದಿನ ಕಳೆದುಬಿಡುವುದೂ ಉಂಟು.

ಆಪರೇಷನ್‌ನಲ್ಲಿ ನಾಳವನ್ನು ಅದರ ಜಾಗಕ್ಕೆ ಜೋಡಿಸುತ್ತಾರೆ. ಆದರೆ ದಣಿದ ಸ್ನಾಯು ಚೇತರಿಸಿಕೊಳ್ಳಲು ತಿಂಗಳುಗಳು ಬೇಕು. ಆ ತಿಂಗಳುಗಳ ಕಾವಲು ಮನೆಯವರದೇ.

ಮೊದಲು ಒಂದು ನೋಟ್‌ಬುಕ್ ಇಡಿ. ಎದೆನೋವು ಎಂದು ಹೇಳಲು ಕೂಸಿಗೆ ಬಾಯಿಲ್ಲ. ದೊಡ್ಡವರ ಹೃದಯವನ್ನು ಓಡಿಸಿ ನೋಡುವ ಟ್ರೆಡ್‌ಮಿಲ್ ಪರೀಕ್ಷೆ ಇದ್ದಂತೆ, ಕೂಸಿಗೆ ಹಾಲು ಕುಡಿಯುವುದೇ ಪರೀಕ್ಷೆ. ಎಷ್ಟು ಹೊತ್ತು ಕುಡಿಯಿತು, ನಡುವೆ ನಿಲ್ಲಿಸಿ ಏದುಸಿರು ಬಿಟ್ಟಿತೇ, ಹಣೆ ಒದ್ದೆಯಾಯಿತೇ ಎಂದು ಬರೆಯಿರಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿಸಿ, ಅಂಗನವಾಡಿಯದಾದರೂ ಸರಿ.

ಎರಡನೆಯದು ಉಸಿರು ಎಣಿಸುವುದು. ಮಗು ನಿದ್ದೆಯಲ್ಲಿರುವಾಗ ಅಂಗಿ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ 1 ನಿಮಿಷ ಎಣಿಸಿ. 2 ತಿಂಗಳಿಂದ 1 ವರ್ಷದೊಳಗೆ 50, 1ರಿಂದ 5 ವರ್ಷದವರೆಗೆ 40 ಮುಟ್ಟಿದರೆ ವೈದ್ಯರಿಗೆ ಫೋನ್ ಮಾಡಿ. ಅಷ್ಟಾಗದಿದ್ದರೂ, ದಿನವೂ 30 ಇದ್ದದ್ದು ಏಕಾಏಕಿ 42 ಆದರೆ ಸುಮ್ಮನಿರಬೇಡಿ.

ಎದೆಯ ಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈಹಾಕಿ ಎತ್ತುವಂತಿಲ್ಲ. ಕತ್ತಿನ ಕೆಳಗೊಂದು, ಕುಂಡೆಯ ಕೆಳಗೊಂದು ಕೈಯಿಟ್ಟು ಎತ್ತಿ. ಅಜ್ಜಿ ಕಾಲುಚಾಚಿ ಕೂಸನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕುವುದೂ ಸರ್ಜನ್ ಒಪ್ಪುವವರೆಗೆ ಬೇಡ. ಇದನ್ನು ಅಜ್ಜಿಗೆ ಪ್ರೀತಿಯಿಂದ, ಆದರೆ ಖಂಡಿತವಾಗಿ ಹೇಳಿ.

ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ಆಸ್ಪಿರಿನ್ ಕೊಡುತ್ತಿದ್ದು, ಮಗುವಿಗೆ ಸಿಡುಬಿನಂಥ ಗುಳ್ಳೆಯೋ (ಚಿಕನ್‌ಪಾಕ್ಸ್) ಫ್ಲೂ ಜ್ವರವೋ ಬಂದರೆ ಅಂದೇ ವೈದ್ಯರಿಗೆ ತಿಳಿಸಿ. ಆ ಹೊತ್ತಿನಲ್ಲಿ ಆಸ್ಪಿರಿನ್ ಅಪರೂಪಕ್ಕೆ ಮಿದುಳಿಗೂ ಯಕೃತ್ತಿಗೂ ಕುತ್ತು ತರುತ್ತದೆ. ಆಪರೇಷನ್ ಆದ ಮೊದಲ ವಾರಗಳಲ್ಲಿ ಯಾವ ಜ್ವರವನ್ನೂ ಮನೆಮದ್ದಿನಲ್ಲಿ ಕಳೆಯಬೇಡಿ.

ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗಲೆಲ್ಲ ಎರಡು ಪ್ರಶ್ನೆ ಕೇಳಿ: ಪಂಪಿಂಗ್ ಎಷ್ಟಿದೆ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಸೋರಿಕೆ ಇಳಿದಿದೆಯೇ? ಪಂಪಿಂಗ್ ಎಂದರೆ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಹೋಗುವ ಪಾಲು; ಅದು ಸಾಮಾನ್ಯವಾಗಿ ಶೇ 55ಕ್ಕಿಂತ ಹೆಚ್ಚಿರಬೇಕು. ಉತ್ತರವನ್ನು ದಿನಾಂಕದೊಂದಿಗೆ ಬರೆದುಕೊಳ್ಳಿ. ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದು ಅದರಿಂದಲೇ.

ಮಗು ಓಡಾಡುತ್ತಿದೆ, ಇನ್ನು ಚೆಕಪ್ ಯಾಕೆ ಎಂದು ಎಷ್ಟೋ ಮನೆಯವರಿಗೆ ಅನ್ನಿಸುತ್ತದೆ. ಅವರ ದಣಿವು ಅರ್ಥವಾಗುತ್ತದೆ. ಆದರೂ ನಾಳ ಹೊಲಿದ ಜಾಗ ವರ್ಷಗಳ ನಂತರ ಸದ್ದಿಲ್ಲದೆ ಕಿರಿದಾಗಬಹುದು. ಅದಕ್ಕೇ ದೊಡ್ಡವರಾದಂತೆ ಹೋಲ್ಟರ್ (ದಿನವಿಡೀ ಮೈಮೇಲಿಟ್ಟುಕೊಳ್ಳುವ ಇಸಿಜಿ), ಟ್ರೆಡ್‌ಮಿಲ್, ಅಗತ್ಯವಿದ್ದರೆ ಸಿಟಿ ಆಂಜಿಯೋಗ್ರಾಂ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಮಾಡಿಸುತ್ತಾರೆ. ಶಾಲೆಯ ಪಿಟಿ ಮೇಷ್ಟ್ರಿಗೂ ವಿಷಯ ಗೊತ್ತಿರಲಿ. ಓಡುವಾಗ ಮಗು ಎಚ್ಚರತಪ್ಪಿದರೆ, ಎರಡೇ ನಿಮಿಷದಲ್ಲಿ ಎದ್ದು ಕೂತರೂ 108ಕ್ಕೆ ಕರೆಮಾಡಿ.

ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ವಿವರ ಎರಡನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಹೆಣ್ಣುಮಗುವಾದರೆ ಇಪ್ಪತ್ತೈದು ವರ್ಷದ ನಂತರ, ಬಸಿರಿನ ಯೋಚನೆಗೆ ಮೊದಲು, ಹೃದ್ರೋಗ ತಜ್ಞರು ಕೇಳುವುದು ಆ ಕಾಗದಗಳನ್ನೇ.