ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ ಎಜುಕೇಶನ್: ಫಾರ್ಮ್ಯಾಟ್ ಹೊಡೆಯುವ ಮೊದಲು ಓದಿ

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಎಂಜಿನಿಯರಿಂಗ್ ಓದಲು ಬರುವ ಮಕ್ಕಳ ಹೊಸ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ವಿಂಡೋಸ್ 11 ಹೋಮ್ ಇರುತ್ತದೆ. ಕಾಲೇಜಿನಿಂದ ಎಜುಕೇಶನ್ ಆವೃತ್ತಿಯ ಕೀ ಸಿಕ್ಕ ಕೂಡಲೇ ಹಾಸ್ಟೆಲಿನ ಸೀನಿಯರ್ ಪೆನ್‌ಡ್ರೈವ್ ಹಿಡಿದು ಬರುತ್ತಾನೆ, ಇಲ್ಲವೇ ಅಂಗಡಿಯವನು ‘ಫಾರ್ಮ್ಯಾಟ್ ಮಾರೂನ್ ದೇತೋ’ (ಫಾರ್ಮ್ಯಾಟ್ ಹೊಡೆದು ಕೊಡ್ತೀನಿ) ಎನ್ನುತ್ತಾನೆ. ಇಬ್ಬರಿಗೂ ಬೇಡ ಅನ್ನಿ. ಹೋಮ್ ಇರುವ ಯಂತ್ರವನ್ನು ಎಜುಕೇಶನ್ ಮಾಡಲು ಏನನ್ನೂ ಅಳಿಸಬೇಕಿಲ್ಲ, ಕೀ ಬದಲಿಸಿದರೆ ಸಾಕು.

ಬರೀ ವರ್ಡ್, ಪಿಪಿಟಿ, ಆನ್‌ಲೈನ್ ಕ್ಲಾಸ್ ಅಷ್ಟೇ ಎನ್ನುವವರು ಹೋಮ್‌ನಲ್ಲೇ ಇರಿ. ಹೈಪರ್-ವಿ (ವಿಂಡೋಸ್ ಒಳಗೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಓಡಿಸಲು), ಸ್ಯಾಂಡ್‌ಬಾಕ್ಸ್ (ನಂಬಿಕೆಯಿಲ್ಲದ ಆಪ್ ಅನ್ನು ಪ್ರತ್ಯೇಕವಾಗಿ ಓಡಿಸಿ ನೋಡಲು), ಪೂರ್ಣ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕಲು) ಬೇಕಾದವರಿಗೆ, ಅಂದರೆ ಕಂಪ್ಯೂಟರ್, ಐಟಿ ವಿಭಾಗದವರಿಗೆ, ಎಜುಕೇಶನ್ ಉಪಯೋಗಕ್ಕೆ ಬರುತ್ತದೆ.

1. ಕೀ ಎಲ್ಲಿಂದ ಬಂತು, ನೋಡಿ

ಕಾಲೇಜು ಮೈಕ್ರೋಸಾಫ್ಟ್ ಯೋಜನೆಗೆ ಸೇರಿದ್ದರೆ, ಅಜ್ಯೂರ್ ಎಜುಕೇಶನ್ ಹಬ್ ಜಾಲತಾಣದ ಸಾಫ್ಟ್‌ವೇರ್ ಪಟ್ಟಿಯಲ್ಲಿ ನಿಮ್ಮ ಹೆಸರಿಗೇ 25 ಅಕ್ಷರಗಳ ಕೀ ಸಿಗುತ್ತದೆ. ಅದೇ ಸರಿಯಾದದ್ದು. ಲ್ಯಾಬಿನ ಯಂತ್ರಗಳಿಗೆ ಹಾಕುವ ಕೆಎಂಎಸ್ ಕೀ ಬೇರೆ. ಅದು 180 ದಿನಕ್ಕೊಮ್ಮೆಯಾದರೂ ಕ್ಯಾಂಪಸ್ ಸರ್ವರ್ ಜೊತೆ ಮಾತಾಡಬೇಕು. ದಸರೆ, ದೀಪಾವಳಿಗೆ ಊರಿಗೆ ಹೋಗಿ ಬಂದರೆ ತೊಂದರೆಯಿಲ್ಲ. ಆರು ತಿಂಗಳು ಇಂಟರ್ನ್‌ಶಿಪ್‌ಗೆ ಹೋದರೆ ‘ಆಕ್ಟಿವೇಟ್ ವಿಂಡೋಸ್’ ಎಂಬ ಬರಹ ಪರದೆಯ ಮೂಲೆಗೆ ಬಂದು ಕೂರುತ್ತದೆ.

ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲೋ ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲೋ ಸಿಗುವ ‘ಲೈಫ್‌ಟೈಮ್’ ಕೀಗಳನ್ನು ಮುಟ್ಟಬೇಡಿ. ಯಾವುದೋ ಸಂಸ್ಥೆಯ ಸಗಟು ಕೀಯನ್ನು ಹಂಚಿ ಮಾರಿರುತ್ತಾರೆ. ಒಂದು ದಿನ ಅದು ಬ್ಲಾಕ್ ಆಗುತ್ತದೆ. ಆಕ್ಟಿವೇಟರ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಇನ್ನೂ ಕೆಟ್ಟದ್ದು: ಮೊದಲು ಆಂಟಿವೈರಸ್ ಆಫ್ ಮಾಡು ಎನ್ನುವ ಯಾವುದನ್ನೂ ನಂಬಬಾರದು.

2. ಸ್ವಂತ ಖಾತೆಯಿಂದ ಶುರು ಮಾಡಿ

ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ಸಲ ಆನ್ ಮಾಡಿದಾಗ ಬರುವ ಸೆಟಪ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಆಗ ಕಾಲೇಜಿನ ಇಮೇಲ್ ಹಾಕಬೇಡಿ. ಸ್ವಂತ ಜಿಮೇಲಿನಿಂದಲೇ ಮೈಕ್ರೋಸಾಫ್ಟ್ ಖಾತೆ ತೆರೆದು ಅದನ್ನು ಹಾಕಿ.

ಕಾರಣ ಎರಡು. ಕಾಲೇಜು ಖಾತೆಯಿಂದ ಸೆಟಪ್ ಮಾಡಿದರೆ ಲ್ಯಾಪ್‌ಟಾಪ್ ಕಾಲೇಜಿನ ಆಡಳಿತಕ್ಕೆ ಸೇರಬಹುದು. ಪಾಸ್‌ವರ್ಡ್ ಎಷ್ಟುದ್ದ ಇರಬೇಕು, ಯಾವ ಆಪ್ ಇರಬೇಕು ಎಂಬುದು ಅಲ್ಲಿನ ಐಟಿ ವಿಭಾಗದ ಕೈಗೆ ಹೋಗುತ್ತದೆ. ಎರಡನೆಯದು ಹೆಚ್ಚು ಗಂಭೀರ. ಈಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಲಾಗಿನ್ ಆಗುತ್ತಲೇ ಡಿಸ್ಕ್ ಎನ್‌ಕ್ರಿಪ್ಟ್ ಆಗುವುದು, ಅಂದರೆ ಅದಕ್ಕೆ ಬೀಗ ಬೀಳುವುದು, ಸಾಮಾನ್ಯ. ಅದನ್ನು ಬಿಡಿಸುವ 48 ಅಂಕಿಗಳ ರಿಕವರಿ ಕೀ ಯಾವ ಖಾತೆಯಿಂದ ಲಾಗಿನ್ ಆದಿರೋ ಅಲ್ಲೇ ಉಳಿಯುತ್ತದೆ. ಡಿಗ್ರಿ ಮುಗಿದು ಕಾಲೇಜು ಆ ಖಾತೆ ಮುಚ್ಚಿತು ಅನ್ನಿ. ಆಮೇಲೆ ಯಾವತ್ತೋ ಬಯಾಸ್ ಅಪ್‌ಡೇಟ್ ಆಗಿಯೋ ಮದರ್‌ಬೋರ್ಡ್ ಬದಲಾಗಿಯೋ ನೀಲಿ ಪರದೆ ಆ ಕೀ ಕೇಳಿದರೆ, ಪ್ರಾಜೆಕ್ಟೂ ಇಲ್ಲ, ಫೋಟೋಗಳೂ ಇಲ್ಲ.

ಮುಂದೆ ಟೀಮ್ಸ್ ಅಥವಾ ಔಟ್‌ಲುಕ್‌ಗೆ ಕಾಲೇಜಿನ ಇಮೇಲ್ ಹಾಕಿದಾಗಲೂ ‘ನನ್ನ ಸಾಧನವನ್ನು ಸಂಸ್ಥೆ ನಿರ್ವಹಿಸಲಿ’ ಎಂಬರ್ಥದ ಪೆಟ್ಟಿಗೆಗೆ ಟಿಕ್ ಇದ್ದೇ ಬರುತ್ತದೆ. ಟಿಕ್ ತೆಗೆದು, ಈ ಆಪ್‌ಗೆ ಮಾತ್ರ ಸೈನ್‌ಇನ್ ಎಂಬುದನ್ನು ಒತ್ತಿ. ಅವಸರದಲ್ಲಿ ಓಕೆ ಒತ್ತಿದ್ದರೆ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ‘ಆಕ್ಸೆಸ್ ವರ್ಕ್ ಆರ್ ಸ್ಕೂಲ್’ಗೆ ಹೋಗಿ ಡಿಸ್‌ಕನೆಕ್ಟ್ ಮಾಡಬಹುದು. ಹಾಗೆ ಮಾಡುವ ಮೊದಲು ರಿಕವರಿ ಕೀಯ ಪ್ರಿಂಟ್ ತೆಗೆದು ಊರಿನ ಮನೆಯಲ್ಲಿಡಿ.

ಸೆಟಪ್‌ಗೆ ಇಂಟರ್ನೆಟ್ ಬೇಕು. ಹಾಸ್ಟೆಲಿನ ವೈಫೈ ಬ್ರೌಸರಿನಲ್ಲಿ ಹೆಸರು, ಪಾಸ್‌ವರ್ಡ್ ಕೇಳುವ ನಮೂನೆಯದಾದರೆ ಇಲ್ಲಿ ಒದ್ದಾಡಿಸುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಳ್ಳಿ.

3. ಅಪ್‌ಡೇಟ್, ಆಫೀಸ್

ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಸಿ. ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ ವರ್ಡ್ ತೆರೆದು ಅದನ್ನೂ ಸ್ವಂತ ಖಾತೆಗೇ ಸೇರಿಸಿ.

4. ಕೀ ಬದಲಿಸಿ

ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್, ಚೇಂಜ್ ಪ್ರಾಡಕ್ಟ್ ಕೀ. ಕೀ ಪೇಸ್ಟ್ ಮಾಡಿ ನೆಕ್ಸ್ಟ್ ಒತ್ತಿದರೆ ಯಂತ್ರ ರೀಸ್ಟಾರ್ಟ್ ಆಗಿ ಎಜುಕೇಶನ್ ಆಗುತ್ತದೆ, ಫೈಲುಗಳು ಇದ್ದಲ್ಲೇ ಇರುತ್ತವೆ. ಕಾಗದ ನೋಡಿ ಟೈಪ್ ಮಾಡುವವರು ‘ಬಿ’ ಮತ್ತು 8, ‘ಜಿ’ ಮತ್ತು 6 ಇವನ್ನು ಸರಿಯಾಗಿ ನೋಡಿ. ಸೊನ್ನೆಯೋ ‘ಓ’ ಅಕ್ಷರವೋ ಎಂಬ ಗೊಂದಲ ಬೇಡ; ಈ ಕೀಗಳಲ್ಲಿ ಎರಡೂ ಇರುವುದಿಲ್ಲ.

ಚಾರ್ಜರ್ ಸಿಕ್ಕಿಸಿಯೇ ಇರಲಿ. ಪುಣೆಯಲ್ಲಿ ಗುರುವಾರ ರಿಪೇರಿಗೆಂದು ಕರೆಂಟ್ ತೆಗೆಯುವುದು ವಾಡಿಕೆ, ಹಾಗಾಗಿ ಬ್ಯಾಟರಿಯೂ ತುಂಬಿರಲಿ.

5. ವಿಂಡೋಸೇ ಇಲ್ಲದ ಯಂತ್ರವಾದರೆ

ಅಗ್ಗವೆಂದು ಡಾಸ್ ಲ್ಯಾಪ್‌ಟಾಪ್ ತಂದವರಿಗೆ, ಬಿಡಿಭಾಗ ಜೋಡಿಸಿ ಪಿಸಿ ಕಟ್ಟಿದವರಿಗೆ ಮಾತ್ರ ಪೆನ್‌ಡ್ರೈವ್ ಬೇಕು. 8 ಜಿಬಿ ಸಾಕು, ಹೆಸರಿರುವ ಕಂಪನಿಯದಿರಲಿ. ಫುಟ್‌ಪಾತಿನಲ್ಲಿ ಮಾರುವ ‘2 ಟಿಬಿ’ ಪೆನ್‌ಡ್ರೈವ್‌ಗಳ ಅಳತೆ ಸುಳ್ಳು; ಇನ್‌ಸ್ಟಾಲ್ ಅರ್ಧಕ್ಕೆ ನಿಂತು ಫೈಲ್ ಸಿಗಲಿಲ್ಲ ಎನ್ನುತ್ತದೆ. ಬೇರೊಂದು ವಿಂಡೋಸ್ ಯಂತ್ರದಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಓಡಿಸಿ ಅದನ್ನು ತಯಾರಿಸಿ. ಭಾಷೆ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಇರಲಿ. ‘ಇಂಟರ್‌ನ್ಯಾಷನಲ್’ ಆರಿಸಿದರೆ ಕೀಬೋರ್ಡ್ ಬ್ರಿಟಿಷ್ ಆಗಬಹುದು. ಆಗ ‘ಅಟ್’ ಚಿಹ್ನೆ ಮತ್ತು ಉದ್ಧರಣ ಚಿಹ್ನೆ ಅದಲುಬದಲಾಗಿ ಪಾಸ್‌ವರ್ಡ್ ತಪ್ಪು ಎನ್ನುತ್ತಲೇ ಇರುತ್ತದೆ.

ಪೆನ್‌ಡ್ರೈವಿನಿಂದ ಬೂಟ್ ಮಾಡಲು ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್.

ಆಮೇಲೆ ಡಿಸ್ಕ್ ಆರಿಸುವ ಪರದೆ. ಪಟ್ಟಿ ಖಾಲಿ ಕಂಡರೆ ಎಸ್‌ಎಸ್‌ಡಿ ಹೋಯಿತೆಂದು ಅಂಗಡಿಗೆ ಓಡಬೇಡಿ. ಇಂಟೆಲ್ 11ನೇ ತಲೆಮಾರಿನಿಂದೀಚೆಯ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿ ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತದೆ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಜಿಪ್ ಬಿಚ್ಚಿ, ಪೆನ್‌ಡ್ರೈವಿಗೆ ಹಾಕಿ, ‘ಲೋಡ್ ಡ್ರೈವರ್’ ಒತ್ತಿ ತೋರಿಸಿದರೆ ಡಿಸ್ಕ್ ಕಾಣುತ್ತದೆ. ಡಿಸ್ಕ್ 0 ಎಂದಿದೆ ಅಂತ ಕಣ್ಣುಮುಚ್ಚಿ ಆರಿಸಬೇಡಿ, ಕೆಲವೊಮ್ಮೆ ಅದು ಪೆನ್‌ಡ್ರೈವೇ ಆಗಿರುತ್ತದೆ. ಅಳತೆ ನೋಡಿ. ಹೊಸ ಎಸ್‌ಎಸ್‌ಡಿಯಲ್ಲಿರುವ ಪಾರ್ಟಿಶನ್ ಎಲ್ಲ ಅಳಿಸಿ, ಉಳಿದ ಖಾಲಿ ಜಾಗವನ್ನು ಆರಿಸಿ ನೆಕ್ಸ್ಟ್ ಒತ್ತಿ; ಬೇಕಾದ ಸಣ್ಣ ಭಾಗಗಳನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಸಿ, ಡಿ, ಇ ಎಂದು ಮೂರು ಡ್ರೈವ್ ಮಾಡುವ ಹಳೆಯ ಚಾಳಿ 512 ಜಿಬಿಯಲ್ಲಿ ಬೇಡವೇ ಬೇಡ. ಸಿ ತುಂಬಿ ಅಪ್‌ಡೇಟ್ ನಿಲ್ಲುತ್ತದೆ, ಡಿ ಖಾಲಿ ಬಿದ್ದಿರುತ್ತದೆ.

ಇನ್‌ಸ್ಟಾಲ್ ಆದ ಮೇಲೆ ವೈಫೈ ಕಾಣದಿದ್ದರೆ ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಬಂದರೆ ವೈಫೈ ಡ್ರೈವರನ್ನು ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟೇ ತಂದು ಹಾಕುತ್ತದೆ.